ತಡವಾಗಿ ಬಂದವರ ಓದು

ಮಾತುಕತೆ ಮುಗಿದ ಮೇಲೆ ಬಂದು ಮೊದಲಿಂದ ಓದಬೇಕೆನ್ನುವವರ ಪಕ್ಷ ನನ್ನದು. ವಾಟ್ಸಾಪ್ ಗುಂಪಿನಲ್ಲಿ ಅವರಿಗೆ ಬಹಳ ಕಷ್ಟ. ಅಲ್ಲಿ ಮಾತೆಲ್ಲ ಬಂದ ಹೊತ್ತಿನ ಕ್ರಮದಲ್ಲೇ ಒಂದರ ಕೆಳಗೊಂದು ಬೀಳುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಒಬ್ಬರು ಯೋಚಿಸಿ ನಾಲ್ಕು ಪ್ಯಾರಾ ಬರೆದಿರುತ್ತಾರೆ. ಅದಕ್ಕೆ ಉತ್ತರ ಬರುವಷ್ಟರಲ್ಲಿ ನಡುವೆ ಹುಟ್ಟುಹಬ್ಬದ ಶುಭಾಶಯಗಳು, ಒಂದು ಲಗ್ನಪತ್ರಿಕೆ, ಯಾರಿಗೋ ತುರ್ತಾಗಿ ರಕ್ತ ಬೇಕೆಂಬ ಕೋರಿಕೆ. ಸಂಜೆ ಯಾರೋ ‘ನಾನು ಒಪ್ಪಲ್ಲ ಸಾರ್’ ಎಂದರೆ, ಯಾವ ಮಾತನ್ನು ಒಪ್ಪುತ್ತಿಲ್ಲ ಎಂದು ತಿಳಿಯಲು ಬೆರಳು ಸೋಲುವಷ್ಟು ಮೇಲಕ್ಕೆ ಹೋಗಬೇಕು. ಬೇಕಾದ ಸಂದೇಶವನ್ನೇ ಹಿಡಿದು ಉತ್ತರಿಸುವ ಸೌಲಭ್ಯ 2016ರಿಂದ ಇದೆ. ಅವಸರದಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ವಿಕಿಪೀಡಿಯದ ಚರ್ಚಾಪುಟಗಳ ರೀತಿ ಬೇರೆ. ಉತ್ತರಿಸುವವರು ಸಾಲಿನ ಮೊದಲಿಗೆ ಒಂದು ಕೋಲನ್ ಹಾಕಿದರೆ ಮಾತು ಒಂದು ಹೆಜ್ಜೆ ಒಳಕ್ಕೆ ಸರಿಯುತ್ತದೆ. ಆ ಉತ್ತರಕ್ಕೆ ಉತ್ತರವಾದರೆ ಎರಡು ಕೋಲನ್. ಕೊನೆಯಲ್ಲಿ ನಾಲ್ಕು ಟಿಲ್ಡೆ ಒತ್ತಿದರೆ ಬರೆದವರ ಹೆಸರು, ತಾರೀಖು ತಾವಾಗಿ ಮೂಡುತ್ತವೆ. ಯಾರು ಯಾರಿಗೆ ಹೇಳಿದರೆಂಬುದು ಎಡಗಡೆಯ ಅಂಚು ನೋಡಿದರೇ ಗೊತ್ತಾಗುತ್ತದೆ. ಆದರೆ ವಾದ ಬೆಳೆದಂತೆ ಸಾಲುಗಳು ಬಲಕ್ಕೆ ಒತ್ತರಿಸಿಕೊಂಡು ಕಿರಿದಾಗುತ್ತವೆ. ಹೊಸ ಮಾತು ಮಧ್ಯದಲ್ಲೆಲ್ಲೋ ಸೇರಿರುವುದರಿಂದ ನಿನ್ನೆ ಓದಿ ಹೋದವರಿಗೆ ಇವತ್ತಿನದು ಸುಲಭವಾಗಿ ಸಿಗುವುದಿಲ್ಲ. ದಿನವೂ ಬರುವವರಿಗೆ ಹೊತ್ತಿನ ಕ್ರಮ ಬೇಕು, ಒಂದೇ ಸಲ ಕೂತು ಓದುವವರಿಗೆ ವಾದದ ಎಳೆ ಬೇಕು. ಒಂದೇ ಪುಟ ಎರಡನ್ನೂ ಕೊಡಲಾರದು.

ಹಾಗಾಗಿ ಯಾರಾದರೂ ಕೂತು ಹೊಂದಿಸಲೇಬೇಕು ಎನ್ನುತ್ತೇನೆ. ಕನ್ನಡದಲ್ಲಿ ಇದು ಹಿಂದೆಯೇ ಆಗಿದೆ. 12ನೇ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿದ್ದವು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನು ಅಲ್ಲಮಪ್ರಭುವಿನ ಸುತ್ತ ಪ್ರಶ್ನೆ, ಉತ್ತರಗಳಾಗಿ ಜೋಡಿಸಿ, ನಡುವೆ ಗದ್ಯದ ಕೊಂಡಿ ಹಾಕಿ ‘ಶೂನ್ಯಸಂಪಾದನೆ’ ಕಟ್ಟಿದ. ಮಾತು ನಡೆದದ್ದು ಹೀಗೆಯೇ ಎಂಬುದಕ್ಕೆ ಅದು ದಾಖಲೆಯಲ್ಲ. ಆದರೂ ಅಲ್ಲಮ ಅಕ್ಕಮಹಾದೇವಿಯನ್ನು ಪರೀಕ್ಷಿಸುವ ಭಾಗವನ್ನು ಓದುವಾಗ ಯಾವ ಮಾತು ಯಾವುದಕ್ಕೆ ಎದುರಾಗಿ ಬಂತೆಂದು ಹುಡುಕಬೇಕಾಗಿಲ್ಲ. ಮುಂದಿನವರು ಆ ಜೋಡಣೆಯನ್ನೂ ಒಪ್ಪದೆ ಬದಲಿಸಿ, ಬೆಳೆಸಿ, ಬೇರೆ ಶೂನ್ಯಸಂಪಾದನೆಗಳನ್ನು ಕಟ್ಟಿದರು. ಹೊಂದಿಸುವುದೆಂದರೆ ಒಂದು ನಿಲುವು ತಾಳಿದ ಹಾಗೇ ಅಲ್ಲವೇ!

ನಮ್ಮ ಓದುಬಳಗದ ನಿವೃತ್ತ ಮೇಡಂ ಒಬ್ಬರು ವಾರದ ಚರ್ಚೆಯನ್ನು ಒಂದೇ ಬರಹವಾಗಿ ಮಾಡಿ ಗುಂಪಿಗೆ ಹಾಕುತ್ತಾರೆ. ತಮಗೆ ಒಪ್ಪಿಗೆಯಾಗದ ಮಾತನ್ನೂ ಹೇಳಿದವರ ಹೆಸರಿನೊಂದಿಗೆ ಉಳಿಸುತ್ತಾರೆ. ವಾರವಿಡೀ ಸುಮ್ಮನಿದ್ದ ಕೆಲವರು ಅದನ್ನು ಓದಿದ ಮೇಲೆಯೇ ಬರೆಯಲು ಶುರುಮಾಡುತ್ತಾರೆ.