ಮಿಕ್ಸರ್ ಕಟ್ಟಿದಾಗ ಮಾತ್ರ

ಹೋದ ವರ್ಷ ಏಪ್ರಿಲ್. ಬೆಳಿಗ್ಗೆ ಎಂಟು ಗಂಟೆಗೇ ಬಿಸಿಲು ಚುರುಗುಡುತ್ತಿತ್ತು. ವಡಗೇರಾದಿಂದ ಶಹಾಪುರದ ಕಡೆ ಹೊರಟಿದ್ದ ನಮ್ಮ ಹಳೇ ಡೀಸೆಲ್ ಪಿಕಪ್ ಒಂದು ಕಾಲುವೆ ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ಮೇಲೆ ಇಪ್ಪತ್ತು ಚೀಲ ಸಿಮೆಂಟು, ಹಿಂದೆ ಕಟ್ಟಿದ ಕಾಂಕ್ರೀಟ್ ಮಿಕ್ಸರ್. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಅತ್ತ ಸ್ಲ್ಯಾಬ್ ಹಾಕಬೇಕಿದ್ದ ಮನೆಯ ಮುಂದೆ ಕೂಲಿಯವರು ಮಿಕ್ಸರ್ ದಾರಿ ಕಾಯುತ್ತಾ ಕೂತಿದ್ದರು. ಮಿಕ್ಸರ್ ಬರದಿದ್ದರೆ ಅವರ ಅವತ್ತಿನ ಪಗಾರ ಹೋದಂತೆಯೇ.

ಗಾಡಿ ಅಣ್ಣನದು. ಮಿಕ್ಸರ್ ಬಾಡಿಗೆಗೆ ಬಿಡುವುದೇ ಅವನ ದಂಧೆ. ಓಡಿಸುತ್ತಿದ್ದವನು ನಮ್ಮ ಅಕ್ಕನ ಮಗ. ಯಾವುದೋ ಸುದ್ದಿಗೆ ಆ ಕಡೆ ಹೊರಟಿದ್ದ ನಾನು ಪೆಟ್ರೋಲ್ ಉಳಿಯಲೆಂದು ಹತ್ತಿಕೊಂಡಿದ್ದೆ. ಗಾಬರಿಯಲ್ಲಿ ನೀರಿನ ಬಾಟಲಿ ಹಿಡಿದು ಓಡಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹುಡುಗ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದ.

"ಮಾಮಾ, ಕೈ ಹಚ್ಚಬ್ಯಾಡ್ರಿ. ಮುಖ ಸುಡ್ತದ."

ಅವನು ಹೇಳಿದ್ದು ಸರಿ. ಮುಚ್ಚಳದ ಒತ್ತಡದಿಂದಾಗಿ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಒಮ್ಮೆಲೇ ಉಕ್ಕಿ ಮೈಮೇಲೆ ಬರುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಭಯ ಬೇರೆ. ಇದೆಲ್ಲ ಇಪ್ಪತ್ತೆರಡು ವರ್ಷದ ಹುಡುಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸಂಜೆ ಗ್ಯಾರೇಜಿನವರು ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗ್ಯಾದ. ಎಂಜಿನ್ ಬಿಚ್ಚಬೇಕು. ಡ್ರೈವರ್ ಎಳೆದೆಳೆದು ಹಾಳು ಮಾಡ್ಯಾನ" ಅಂದರು. ಅವರು ಹೇಳಿದ ಖರ್ಚು ಅಣ್ಣನ ಎರಡು ತಿಂಗಳ ದುಡಿಮೆ. ಹುಡುಗ ಒಂದೇ ಮಾತು ಹೇಳಿದ: "ಖಾಲಿ ಇದ್ರ ಏನೂ ಆಗಂಗಿಲ್ಲ. ಮಿಕ್ಸರ್ ಕಟ್ಟಿದಾಗ ಮಾತ್ರ ಕಾಯ್ತದ. ಅದೂ ಏರಿನ್ಯಾಗ." ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಣ್ಣ ಕೀಲಿ ಕಸಿದುಕೊಂಡ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹುಡುಗರು ಜೋರಾಗಿ ಓಡಿಸುತ್ತಾರೆ ಎಂದು ನನ್ನ ಮನಸ್ಸೂ ಒಪ್ಪಿಕೊಂಡುಬಿಟ್ಟಿತ್ತು.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ಮಗ ಬೆಂಗಳೂರಿಗೆ ಕೂಲಿಗೆ ಹೊರಟಿದ್ದಾನೆ, ಚೀಲ ಕಟ್ಟಿಟ್ಟಿದ್ದಾನೆ ಅಂದಳು. ನಮ್ಮ ಕಡೆಯ ಬಸ್ಸುಗಳಲ್ಲಿ ಹಂಗೆ ಚೀಲ ಹಿಡಿದು ಹೋಗುವವರ ಮೇಲೆ ನಾನೇ ಎಷ್ಟೋ ಸುದ್ದಿ ಬರೆದಿದ್ದೇನೆ. ಫೋನ್ ಇಟ್ಟ ಮೇಲೆ ಹುಡುಗ ಹೇಳಿದ ಮಾತು ನೆನಪಾಯಿತು. 'ಮಿಕ್ಸರ್ ಕಟ್ಟಿದಾಗ ಮಾತ್ರ.' ಡಿಪ್ಲೊಮಾದಲ್ಲಿ ಮೊದಲ ವಾರ ನಮಗೆಲ್ಲ ಕಲಿಸಿದ್ದೇ ಇದು: ಏನು, ಎಲ್ಲಿ, ಯಾವಾಗ. ಆ 'ಯಾವಾಗ'ವನ್ನು ಹುಡುಗ ತಾನಾಗಿಯೇ ಹೇಳಿದ್ದ.

ಎಂಜಿನ್ ಬಿಚ್ಚುವ ಮುನ್ನ ನಾಲ್ಕು ದಿನ ಕೊಡು ಎಂದು ಅಣ್ಣನನ್ನು ಕೇಳಿಕೊಂಡೆ. ನೋಟ್‌ಬುಕ್ ಹಿಡಿದು ಅವನ ಪಕ್ಕ ಕೂತೆ. ಮಧ್ಯಾಹ್ನದ ಬಿಸಿಲಲ್ಲಿ ಖಾಲಿ ಗಾಡಿ ಯಾದಗಿರಿಗೆ ಹೋಗಿ ಬಂತು, ಮುಳ್ಳು ಅರ್ಧ ದಾಟಲಿಲ್ಲ. ಅಂಗಳದಲ್ಲಿ ಅರ್ಧ ತಾಸು ಎಂಜಿನ್ ಚಾಲೂ ಇಟ್ಟೆವು, ಆಗಲೂ ಏರಲಿಲ್ಲ. ನಿಂತಲ್ಲಿ ಗಾಳಿ ಎಳೆಯುವುದು ಫ್ಯಾನ್ ಮಾತ್ರ. ಫ್ಯಾನ್ ಅಥವಾ ಬೆಲ್ಟ್ ಕೆಟ್ಟಿದ್ದರೆ ಗಾಡಿ ನಿಂತಲ್ಲೇ ಕಾಯಬೇಕಿತ್ತು. ಅವುಗಳ ಮೇಲಿನ ಅನುಮಾನ ಕಡಿಮೆಯಾಯಿತು.

ಆಮೇಲೆ ಗ್ಯಾಸ್ಕೆಟ್. ಅದು ಹೋಗಿದ್ದರೆ ಎಂಜಿನ್ ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಚಹಾದ ಬಣ್ಣ ಬರಬಹುದು, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದೆ ಬರಬಹುದು, ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳಬಹುದು. ಮೂರರಲ್ಲಿ ಒಂದೂ ಇರಲಿಲ್ಲ.

ಥರ್ಮೋಸ್ಟಾಟ್ ಬಿಚ್ಚಿ ಅವ್ವನ ಪಾತ್ರೆಯಲ್ಲಿ ಕುದಿಸಿದೆವು. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತೆರೆಯಿತು. ಪಾತ್ರೆ ಹಾಳಾಯಿತೆಂದು ಅವ್ವ ಬೈದಳು. ರೇಡಿಯೇಟರ್‌ನ ಹೊರಮೈ ನೋಡಿದರೆ ಹತ್ತಿಯ ನಾರು, ಧೂಳು, ಭತ್ತದ ಹೊಟ್ಟು. ಎಂಜಿನ್ ಬದಿಯಿಂದ ಹೊರಗೆ ಹೋಗುವಂತೆ ನೀರು ಹೊಡೆದು ತೊಳೆದೆವು. ಮತ್ತೆ ಮಿಕ್ಸರ್ ಕಟ್ಟಿ ಅದೇ ಏರಿಗೆ ಹೋದೆವು. ಸ್ವಲ್ಪ ತಡವಾಗಿ, ಆದರೂ ಮುಳ್ಳು ಏರಿತು.

ಮಿಕ್ಸರ್‌ನ ಸಣ್ಣ ಗಾಲಿಗಳಿಗೆ ವೇಗ ತಡೆಯುವುದಿಲ್ಲ. ಸಣ್ಣ ಗೇರಿನಲ್ಲಿ ನಿಧಾನ ಎಳೆಯಬೇಕು. ಎಂಜಿನ್ ಜೋರಾಗಿ ತಿರುಗುತ್ತದೆ, ಮುಂದಿನಿಂದ ಗಾಳಿ ಮಾತ್ರ ಬಡಿಯುವುದಿಲ್ಲ. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಈ ನೀರೇ ಹೊತ್ತು ಹೊರಹಾಕಬೇಕು. ಖಾಲಿ ಗಾಡಿಗೆ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಕೂಡ ಸಾಕಾಗುತ್ತದೆ. ಭಾರ ಎಳೆಯುವಾಗ ಅದರ ಬಣ್ಣ ಬಯಲಾಗುತ್ತದೆ.

ಏರಿನ ತುದಿಯಲ್ಲಿ ಎಂಜಿನ್ ಬಂದ್ ಮಾಡಿ, ರೇಡಿಯೇಟರ್ ಮೈಗೆ ಅಂಗೈ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬಂದೆ. ಮೇಲೆ ಕೆಂಡ. ಕೆಳಗೆ, ಎಡಬದಿಗೆ, ಒಂದು ರೊಟ್ಟಿಯಷ್ಟು ಜಾಗ ಉಗುರುಬೆಚ್ಚಗೆ. ಅಲ್ಲಿಗೆ ನೀರು ಹೋಗುತ್ತಲೇ ಇರಲಿಲ್ಲ.

ಯಾದಗಿರಿಯಲ್ಲಿ ರೇಡಿಯೇಟರ್ ಕೆಲಸ ಮಾಡುವ ವಯಸ್ಸಾದ ಉಸ್ತಾದ್ ಒಬ್ಬರಿದ್ದಾರೆ. ನಮ್ಮದು ಹಳೇ ತಾಮ್ರ–ಹಿತ್ತಾಳೆಯ ರೇಡಿಯೇಟರ್. ಬೆಸುಗೆ ಕಾಯಿಸಿ ಮೇಲಿನ ತೊಟ್ಟಿ ಬಿಚ್ಚಿದರು. ಒಳಗಿನ ಸಣ್ಣ ನಳಿಕೆಗಳಿಗೆ ತೆಳು ಪಟ್ಟಿ ತೂರಿಸಿದಾಗ ಬಿಳಿ ಹೆಕ್ಕಳಿಕೆ ಉದುರಿತು. ಬಚ್ಚಲಿನ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ. ಒಂದು ಚೂರು ಬೆರಳಲ್ಲಿ ಪುಡಿ ಮಾಡಿ ಕೇಳಿದರು:

"ಬೋರಿನ ನೀರು. ಯಾರ್ ಹಾಕ್ಯಾರ ಸರ್ ಇದು?"

ಹಾಕಿದವನು ನಾನು. ಎರಡು ಬೇಸಿಗೆಯಿಂದ ಬೆಳಿಗ್ಗೆ ಗಾಡಿಗೆ ನೀರು ನೋಡುವ ಕೆಲಸ ನನ್ನದು. ನೀರು ಪದೇ ಪದೇ ಕಡಿಮೆಯಾಗುತ್ತಿತ್ತು, ನಾನು ಮನೆಯ ಬೋರಿನಿಂದ ಕೊಡ ತಂದು ತುಂಬುತ್ತಿದ್ದೆ. ಯಾಕೆ ಕಡಿಮೆಯಾಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಮುಚ್ಚಳದ ರಬ್ಬರ್ ಸತ್ತಿತ್ತು. ಒತ್ತಡ ನಿಲ್ಲದೆ ನೀರು ಬೇಗ ಕುದಿದು ಆವಿಯಾಗಿ ಹೋಗುತ್ತಿತ್ತು, ಸುಣ್ಣದಂಶ ಒಳಗೇ ಉಳಿಯುತ್ತಿತ್ತು. ಪ್ರತಿ ಕೊಡದೊಂದಿಗೆ ಇನ್ನಷ್ಟು ಸುಣ್ಣ. ತಾಮ್ರಕ್ಕೆ ಹೋಲಿಸಿದರೆ ಆ ಬಿಳಿ ಪದರು ಶಾಖ ದಾಟಿಸುವುದು ನೂರಾರು ಪಟ್ಟು ಕಡಿಮೆ.

ಇದರಲ್ಲಿ ನನಗೆ ನಾಚಿಕೆಯಾಗುವ ಸಂಗತಿ ಇನ್ನೊಂದಿದೆ. ಭೀಮಾ ಮತ್ತು ಕೃಷ್ಣಾ ಎರಡರ ನಡುವೆ ಇದ್ದೂ ಸವಳು ಬೋರ್ ನೀರು ಕುಡಿಯುವ ನಮ್ಮ ಹಳ್ಳಿಗಳ ಬಗ್ಗೆ ಬರೆದೇ ನಾನು ಈ ಕೆಲಸದಲ್ಲಿ ಹೆಸರು ಮಾಡಿದ್ದು. ಫ್ಲೋರೈಡ್, ಗಡಸುತನ, ಎಲ್ಲ ಪದ ಬಾಯಿಪಾಠ. ಅದೇ ನೀರನ್ನು ನನ್ನ ಕೈಯಾರೆ ಎಂಜಿನ್‌ಗೆ ಸುರಿದು, ತಪ್ಪು ಹುಡುಗನದು ಎಂದು ಸುಮ್ಮನೆ ನಿಂತಿದ್ದೆ.

ಅವತ್ತು ರಾತ್ರಿ ಅಕ್ಕನ ಮನೆಗೆ ಹೋದೆ. ತಪ್ಪು ನನ್ನದು ಅಂದೆ. ಹುಡುಗ ರೊಟ್ಟಿ ತಿನ್ನುತ್ತಿದ್ದ, ತಲೆ ಎತ್ತಲಿಲ್ಲ.

"ದೊಡ್ಡ ಮಾಮಾ ಸಿಟ್ಟಿನವರು, ಬಿಡ್ರಿ. ನೀವು ಪೇಪರ್ನೋರು. ನೀವರ ಕೇಳ್ತೀರಿ ಅನ್ಕೊಂಡಿದ್ದೆ."

ಗೆಳೆಯರೇ, ಅಪಘಾತದ ಸುದ್ದಿ ನಾವೆಲ್ಲ ಬರೆಯುತ್ತೇವೆ. ಠಾಣೆಯಿಂದ ಎಫ್‌ಐಆರ್ ಬರುತ್ತದೆ, 'ಚಾಲಕನ ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂದು ನಾವೂ ಇಳಿಸುತ್ತೇವೆ. ಬ್ರೇಕ್ ಯಾವಾಗ ನೋಡಿಸಿದ್ದರು, ಟಯರ್ ಎಷ್ಟು ಹಳೆಯದು, ಅಷ್ಟು ಭಾರ ಹೇರಿದ್ದು ಯಾರು, ಅವನು ನಿದ್ದೆ ಮಾಡಿ ಎಷ್ಟು ತಾಸಾಗಿತ್ತು ಎಂದು ಕೇಳುವುದಿಲ್ಲ. ಎಷ್ಟೋ ಸಲ ಚಾಲಕನ ತಪ್ಪೇ ಇರುತ್ತದೆ. ಆದರೆ ಎಷ್ಟು ಸಲ ಕೇಳಿ ಬರೆದಿದ್ದೇನೆ ಎಂದು ನನ್ನ ಹಳೇ ಕಟಿಂಗ್‌ಗಳನ್ನು ತೆಗೆದು ನೋಡಿದೆ. ಲೆಕ್ಕ ಇಲ್ಲಿ ಹೇಳುವಂತಿಲ್ಲ. ಈಗ ಅಂಥ ಸುದ್ದಿ ಬಂದರೆ ಚಾಲಕನ ಮನೆಗೋ ಮಾಲೀಕನಿಗೋ ಒಂದು ಫೋನಾದರೂ ಮಾಡುತ್ತೇನೆ. ಎಲ್ಲ ಸಲ ಉತ್ತರ ಸಿಗುವುದಿಲ್ಲ, ಡೆಡ್‌ಲೈನ್ ಕಾಯುವುದೂ ಇಲ್ಲ. ಸಿಕ್ಕ ದಿನ ಒಂದು ಸಾಲು ಸೇರುತ್ತದೆ.

ಗಾಡಿಗೆ ಹೊಸ ಮುಚ್ಚಳ ಬಂತು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧಕ್ಕರ್ಧ ತುಂಬಿದೆವು. ಒಟ್ಟು ಖರ್ಚು ಗ್ಯಾರೇಜಿನವರು ಹೇಳಿದ್ದರ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಹುಡುಗ ಬೆಂಗಳೂರಿಗೆ ಹೋಗಲಿಲ್ಲ. ಅಣ್ಣ ಕ್ಷಮೆ ಕೇಳಲಿಲ್ಲ, ಆದರೆ ಕೀಲಿಯನ್ನು ತಾನೇ ಹೋಗಿ ಕೊಟ್ಟು ಬಂದ. ಈ ಬೇಸಿಗೆಯಲ್ಲಿ ಅದೇ ಏರು, ಅದೇ ಮಿಕ್ಸರ್, ಮುಳ್ಳು ಅರ್ಧದ ಹತ್ತಿರ ಬಂದು ನಿಲ್ಲುತ್ತದೆ. ಸೀಟಿನ ಹಿಂದೆ ಡಿಸ್ಟಿಲ್ಡ್ ವಾಟರ್‌ನ ಕ್ಯಾನ್ ಇದೆ. ಅದರ ಮೇಲೆ ಹುಡುಗ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದಾನೆ: 'ಮಾಮಾ ಮುಟ್ಟಬಾರದು.'