ಸಿ ಡ್ರೈವ್ ಕೆಂಪಾದಾಗ

"ಪುಟ್ಟಿ, ಈ ಕಂಪ್ಯೂಟರು ಆನ್ ಆಗೋಷ್ಟರಲ್ಲಿ ನಂದೊಂದು ಕಾಫಿ ಮುಗಿಯುತ್ತೆ ನೋಡು" ಅಂತ ಅಪ್ಪ ಫೋನಿನಲ್ಲಿ ಹೇಳ್ತಾನೇ ಇದ್ದರು. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ. ಸಿ ಡ್ರೈವ್ ಭರ್ತಿಯಾಗಿ ಕೆಂಪು ಪಟ್ಟಿ, ಡಿ ಡ್ರೈವ್ ಮುಕ್ಕಾಲು ಖಾಲಿ. ಡಿಯಿಂದ ಸ್ವಲ್ಪ ಜಾಗ ತೆಗೆದು ಸಿಗೆ ಕೊಟ್ಟು, ಒಂದು ಸಲ ಡಿಫ್ರಾಗ್ ಮಾಡಿದರೆ ಆಯ್ತು, ಅರ್ಧ ದಿನದ ಕೆಲಸ ಅಂದುಕೊಂಡೆ.

ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಡಿಯನ್ನು ಕುಗ್ಗಿಸುತ್ತೆ. ಆದರೆ ಉಳಿದ ಜಾಗ ಡಿಯ ಆಚೆ ಬದಿಗೆ ಹೋಗುತ್ತೆ. ಸಿ ಬೆಳೆಯಬೇಕಾದರೆ ಖಾಲಿ ಜಾಗ ಅದಕ್ಕೆ ಅಂಟಿಕೊಂಡೇ ಇರಬೇಕು. ಪಕ್ಕದ ಮನೆಯವರು ತಮ್ಮ ಮನೆಯ ಆ ಬದಿಯ ಜಾಗ ಬಿಟ್ಟುಕೊಟ್ಟರೆ ನಮಗೇನು ಬಂತು, ಮಧ್ಯೆ ಅವರ ಮನೆ ಇದೆಯಲ್ಲ! ಡಿಯನ್ನೇ ಎತ್ತಿ ಆಚೆ ಸರಿಸಬೇಕು, ಅದಕ್ಕೆ ಬೇರೆ ಸಾಫ್ಟ್‌ವೇರ್.

ಹುಡುಕಿದೆ. 'ಉಚಿತ' ಅಂದಿದ್ದ ಒಂದು, ಎಲ್ಲ ಸಿದ್ಧ ಮಾಡಿ ಅಪ್ಲೈ ಒತ್ತಿದ ಮೇಲೆ ದುಡ್ಡು ಕೇಳಿತು. (ಮೊದಲೇ ಹೇಳಬಾರದಾ?) ಜಿಪಾರ್ಟೆಡ್ ನಿಜಕ್ಕೂ ಉಚಿತ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬಳಸಬಹುದು. ಆದರೆ ಯಾವುದೇ ಆಗಲಿ, ಸರಿಸುವ ಹೊತ್ತಿಗೆ ಕರೆಂಟ್ ಹೋದರೆ ಡಿಯಲ್ಲಿರೋದೆಲ್ಲ ಹೋಗಬಹುದು. ಮಳೆಗಾಲ ಬೇರೆ. ನಮ್ಮನೆ ಯುಪಿಎಸ್ ಸತ್ತು ಎರಡು ವರ್ಷ.

"ಡಿಯಲ್ಲಿ ಏನಿದೆ ಅಪ್ಪಾ?"

"ಏನಿಲ್ಲ, ಹಳೇ ಫೋಟೋ. ಅಜ್ಜಿ ಹಾಡು."

ಅಜ್ಜಿ ಹೋಗಿ ಆರು ವರ್ಷ. ಹಸೆ ಹಾಡು, ಬೀಗರ ಹಾಡು, ಆರತಿ ಹಾಡು ಎಲ್ಲ ಅಪ್ಪ ರೆಕಾರ್ಡ್ ಮಾಡಿಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಒಟ್ಟು 14. ಬೇರೆಲ್ಲೂ ಕಾಪಿ ಇಲ್ಲ.

ಸಾಫ್ಟ್‌ವೇರ್ ಪಕ್ಕಕ್ಕಿಟ್ಟು, ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕಿದೆ. ಫೋಟೋಗಳು ಬಂದವು. ಹಾಡಿನ ಫೋಲ್ಡರ್ ನಡುವೆ ನಿಂತೇಬಿಟ್ಟಿತು. ಒಳಗಿನಿಂದ ಟಕ್ ಟಕ್ ಸದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ 'ಕಾಷನ್'. ಜಾಗದ್ದಲ್ಲ, ಡಿಸ್ಕೇ ಸಾಯ್ತಾ ಇತ್ತು.

ಕೈಕಾಲು ತಣ್ಣಗಾಯಿತು. ಡಿಫ್ರಾಗ್ ಅಂದರೆ ಅಲ್ಲಲ್ಲಿ ಚೂರಾಗಿ ಬಿದ್ದಿರುವ ಫೈಲುಗಳನ್ನು ಓದಿ, ಒಂದೇ ಕಡೆ ಮತ್ತೆ ಬರೆಯೋದು. ಪಾರ್ಟಿಷನ್ ಸರಿಸೋದೂ ಹೆಚ್ಚುಕಡಿಮೆ ಅದೇ. ಐಸಿಯುನಲ್ಲಿ ಇರೋರನ್ನ ಎಬ್ಬಿಸಿ ಮೂರು ಮಹಡಿ ಹತ್ತಿಸಿದ ಹಾಗೆ ಆಗ್ತಿತ್ತು.

ಒಂದೊಂದೇ ಫೈಲ್ ಎತ್ತುತ್ತಾ ಕೂತೆ. ರಾತ್ರಿ ಹನ್ನೊಂದರ ಹೊತ್ತಿಗೆ 13 ಬಂದವು.

ಮರುದಿನ ಹೊಸ ಎಸ್‌ಎಸ್‌ಡಿ ತಂದು ಹಾಕಿ ವಿಂಡೋಸ್ ಇನ್‌ಸ್ಟಾಲ್ ಮಾಡಿದೆ. ಸಿ, ಡಿ ಅಂತ ಭಾಗ ಮಾಡುವ ಗೋಜಿಗೇ ಹೋಗಲಿಲ್ಲ. ಡಿಫ್ರಾಗೂ ಬೇಡ. ತಿರುಗುವ ತಟ್ಟೆಯೇ ಇಲ್ಲ, ಫೈಲ್ ಎಲ್ಲಿದ್ದರೂ ಓದಲು ಹೆಚ್ಚುಕಡಿಮೆ ಒಂದೇ ಸಮಯ. ವಿಂಡೋಸ್ ತಾನೇ ಆಗಾಗ ಟ್ರಿಮ್ ಮಾಡಿಕೊಳ್ಳುತ್ತೆ. ಹಾಡುಗಳ ಒಂದು ಕಾಪಿ ನನ್ನ ಫೋನಿನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ.

ಸಿಗದೇ ಹೋಗಿದ್ದು ಆರತಿ ಹಾಡು. ಅಮ್ಮನಿಗೆ ಎರಡು ನುಡಿ ಬರುತ್ತೆ, ಒಲೆ ಮುಂದೆ ನಿಂತೇ ಹಾಡಿದಳು. ಮೂರನೇದು ನೆನಪಾಗಲಿಲ್ಲ. "ನಿಮ್ಮ ಅತ್ತೆಗೆ ಗೊತ್ತಿರುತ್ತೆ, ಫೋನ್ ಮಾಡು" ಅಂದಳು.