ವಿದುರನ ತಾಯಿ

ರಾಜಾಜಿನಗರದ ನಮ್ಮ ತರಗತಿಯಲ್ಲಿ ಮೊನ್ನೆ ಭಾರತದ ಪಾಠ. "ವಿದುರನ ತಾಯಿಯ ಹೆಸರೇನು ಸಾರ್?" ಎಂದಳು ಒಬ್ಬ ಹುಡುಗಿ. ಅಂಬಿಕೆ ತಾನು ಹೋಗಲೊಲ್ಲದೆ, ತನ್ನ ಒಡವೆ ತೊಡಿಸಿ ದಾಸಿಯನ್ನು ವ್ಯಾಸರಲ್ಲಿಗೆ ಕಳುಹಿಸಿದಳು. ವ್ಯಾಸರು ಆಕೆಯ ದಾಸ್ಯ ಕಳೆದರಂತೆ. ಹೆಸರನ್ನು ಮಾತ್ರ ಹೇಳಲಿಲ್ಲ. ಬೈಬಲ್ಲಿನ ಸಾರಳೂ ಮಕ್ಕಳಿಲ್ಲವೆಂದು ಐಗುಪ್ತದ ದಾಸಿಯನ್ನು ಗಂಡನಿಗೆ ಒಪ್ಪಿಸಿದಳು. ಆಕೆಗೆ ಹಾಗರ್ ಎಂಬ ಹೆಸರೇನೋ ಉಂಟು. ಆದರೆ ಮಗ ಇಷ್ಮಾಯೇಲನೊಡನೆ ಅಡವಿಯ ಪಾಲಾದಳು. ವಿದುರ ಅರಮನೆಯಲ್ಲೇ ಉಳಿದ. ಯಾವುದು ಮೇಲೋ!

ದಾಸಿಗೆ ನಮ್ಮ ಹಳೆಯ ಮಾತು ತೊತ್ತು. ಈಗ ಅದು ಉಳಿದಿರುವುದು ಬೈಗುಳದಲ್ಲಿ. ಚಿಕ್ಕಂದಿನಲ್ಲಿ ಗೋಲಿಯಾಟ ಸೋತ ಸಿಟ್ಟಿಗೆ, ನಮ್ಮ ಮನೆಯ ಮುಸುರೆ ತಿಕ್ಕುತ್ತಿದ್ದಾಕೆಯ ಮಗನನ್ನು ನಾನು ಹಾಗೆ ಬೈದಿದ್ದೆ. ಆಕೆ ಕೇಳಿಸಿಕೊಂಡಳು, ಪಾತ್ರೆಗಳನ್ನು ಬೋರಲು ಹಾಕಿ ಸುಮ್ಮನೆ ಹೋದಳು. ಮರುದಿನದಿಂದ ಹುಡುಗ ಆಟಕ್ಕೆ ಬರಲಿಲ್ಲ.

ಆಕೆಯ ಹೆಸರೇನೆಂದು ಆ ಸಂಜೆ ಅಮ್ಮನನ್ನು ಕೇಳಿದೆ. ಅಮ್ಮ ಬಹಳ ಹೊತ್ತು ಯೋಚಿಸಿ, "ಮುಸುರೆಯವಳು ಅಂತಲೇ ಕರೀತಿದ್ವಲ್ಲೋ" ಎಂದಳು.